ಒದ್ದವನು ಹಸಿರು ಜಾಕೆಟ್ಟಿನವನಲ್ಲ

ಸುಧಾಕರ, ನಿನ್ನ ಎಡಗಣ್ಣನ್ನು ಕಳೆದವನು ನಾನು. ಆ ಒದೆ ನನ್ನದು — ನನ್ನ ಬಲಗಾಲಿನದು. ಹಸಿರು ಜಾಕೆಟ್ಟಿನವನದಲ್ಲ, ಆ ಗುಂಪಿನ ಬೇರೆ ಯಾರದೂ ಅಲ್ಲ. ಎಂಟು ವರ್ಷಗಳಿಂದ ಯಾರ ಹೆಗಲ ಮೇಲೆ ಕೈ ಹಾಕಿ ‘ಇವನಿಲ್ಲದಿದ್ದರೆ ನಾನಿಲ್ಲ’ ಎಂದು ಊರಿಗೆಲ್ಲ ಹೇಳುತ್ತ ಬಂದಿದ್ದೀಯೋ, ಅವನೇ ನೆಲಕ್ಕೆ ಬಿದ್ದಿದ್ದ ನಿನ್ನ ಮುಖಕ್ಕೆ ಶೂ ಕಾಲಿನಿಂದ ಒದ್ದ.

ಬರೆದೆ. ಇಷ್ಟೇ ಇತ್ತು ಬರೆಯುವುದು. ಇದನ್ನು ಬರೆಯಲು ನನಗೆ ಎಂಟು ವರ್ಷ ಬೇಕಾಯಿತು ಎಂದರೆ — ಇರಲಿ.

ಈ ಹಾಳೆಗಳು ಮೊದಲು ನಿನ್ನ ಕೈಗೆ, ಆಮೇಲೆ ಪೊಲೀಸರ ಕೈಗೆ ಹೋಗುತ್ತವೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಹೌದು, ಇನ್ನೊಂದು ಸರ್ಕ್ಯುಲರ್. ಬೈದುಕೊಂಡೇ ಓದು, ಆದರೆ ಕೊನೆಯವರೆಗೆ ಓದು.

ಎರಡು ಸಾವಿರದ ಹನ್ನೊಂದು. ಡಚ್ಚರ ನಾಡಿನ ನೈಮೆಗನ್‌ನ ಚಿಪ್ ಕಂಪನಿಯ ಒಂದೇ ಮಹಡಿಯಲ್ಲಿ ನಾವು ಮೂವರು ಕನ್ನಡದವರು — ಮೈಸೂರಿನ ನಾನು, ಉಡುಪಿಯ ನೀನು, ಬಸವನಗುಡಿಯ ಪ್ರಶಾಂತ. ನಿನ್ನ ಹೆಂಡತಿ ವಾಣಿಯವರು ಒಂದೂವರೆ ವರ್ಷದ ಮಗಳು ಚಿನ್ಮಯಿಯನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ನಿನಗೆ ಆ ದಿನಗಳಲ್ಲಿ ರಜೆ ಸಿಕ್ಕ ಹುಡುಗನ ಹುರುಪು. ಮಧ್ಯಾಹ್ನದ ಊಟದ ಮೇಜಿನಲ್ಲಿ ನೀನೇ ಎತ್ತಿದ ಮಾತು ಅದು: ಫುಟ್‌ಬಾಲ್ ಮ್ಯಾಚ್ ಇರುವ ಭಾನುವಾರ ಸ್ಟೇಡಿಯಮ್ ಸುತ್ತಲಿನ ಪಬ್‌ಗಳನ್ನು ಒಂದೊಂದಾಗಿ ನೋಡಿಕೊಂಡು ಬರೋಣ, ಪ್ರತಿಯೊಂದರಲ್ಲೂ ಒಂದೊಂದು ಗ್ಲಾಸು. ಇಲ್ಲಿಯವರು ಇದಕ್ಕೆ ‘ಕ್ರೂಖನ್‌ಟೊಖ್ಟ್’ ಎನ್ನುತ್ತಾರೆ — ಪಬ್ಬಿನಿಂದ ಪಬ್ಬಿಗೆ ಯಾತ್ರೆ. ‘ಯಾತ್ರೆ ಅಂದ ಮೇಲೆ ವ್ಯವಸ್ಥೆ ಇವನದೇ’ ಎಂದು ನೀನು ನನ್ನ ಕಡೆ ಬೆರಳು ಮಾಡಿದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರೈಲಿನಲ್ಲಿ ಹೋಗಿಬರುವಷ್ಟು ದೂರದ್ದು. ಆ ಊರು ನನಗೇನೂ ಅನ್ಯಾಯ ಮಾಡಿಲ್ಲ.

ವ್ಯವಸ್ಥೆ ಮಾಡುವುದು ನನಗೆ ಹವ್ಯಾಸವಲ್ಲ, ಸುಧಾಕರ. ಇದನ್ನು ನಿನಗೆ ಎಂದೂ ಹೇಳಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಬ್ಬ ನಮ್ಮಪ್ಪನ ಕುಂಟು ನಡಿಗೆಯನ್ನು ಅಣಕಿಸಿ ತೋರಿಸಿದ. ಅವನ ಹಿಂದೆ ಹೋಗಿ ಜಾಮಿಟ್ರಿ ಡಬ್ಬಿಯಿಂದ ಬಾಯಿಗೆ ಹೊಡೆದೆ. ಎರಡು ಹಲ್ಲು ಹೋದವು. ಅಪ್ಪ ಅದೇ ಕುಂಟು ಕಾಲಿನಲ್ಲಿ ಅವರ ಮನೆಯ ಮೂರು ಮೆಟ್ಟಿಲು ಹತ್ತಿ ಕೈಮುಗಿದು ನಿಂತರು, ನಾನು ಗೇಟಿನ ಬಳಿ ನೋಡುತ್ತ ನಿಂತಿದ್ದೆ. ಆವತ್ತಿನಿಂದ ನನಗೆ ಸಿಟ್ಟು ಬಂದಾಗಲೆಲ್ಲ ಪಟ್ಟಿ ಮಾಡುತ್ತೇನೆ. ಮಾಡಬೇಕಾದ ಕೆಲಸಗಳು, ಕೊಳ್ಳಬೇಕಾದ ಸಾಮಾನು, ಏನಾದರೂ ಸರಿ. ಕೋಪಕ್ಕೆ ನಾನೇ ಪೋಣಿಸಿಕೊಂಡ ಮೂಗುದಾರ ಅದು. ನೀವೆಲ್ಲ ನಕ್ಕಿದ್ದು ಆ ಮೂಗುದಾರವನ್ನು ನೋಡಿ.

ಆ ಭಾನುವಾರಕ್ಕೆ ಇನ್ನೂ ಮೂರು ವಾರವಿದ್ದಾಗ, ಒಂದು ಶನಿವಾರ ಒಬ್ಬನೇ ಹೋಗಿ ಆ ಬೀದಿಗಳನ್ನೆಲ್ಲ ನಡೆದು ನೋಡಿ ಬಂದೆ. ಐದು ಪಬ್ಬು. ಒಂದರಿಂದ ಇನ್ನೊಂದಕ್ಕೆ ಎಷ್ಟು ನಿಮಿಷ, ಯಾವುದರಲ್ಲಿ ಕೂರಲು ಜಾಗ ಸಿಗುತ್ತದೆ, ಪ್ರಶಾಂತನಿಗೆ ಮಾಂಸವಿಲ್ಲದ್ದು ಎಲ್ಲಿ ಸಿಗುತ್ತದೆ, ವಾಪಸ್ ರೈಲು ಯಾವುದು — ಎಲ್ಲ ಸೇರಿಸಿ ಕನ್ನಡದಲ್ಲೇ ಟೈಪ್ ಮಾಡಿ ನಿಮ್ಮಿಬ್ಬರಿಗೆ ಮೇಲ್ ಕಳಿಸಿದೆ. ನೀನು ಅದನ್ನು ನಮ್ಮ ಕನ್ನಡ ಬಳಗದ ಇಡೀ ಗುಂಪಿಗೆ ಕಳಿಸಿದೆ. ಮೇಲೆ ಒಂದು ಸಾಲು ಬರೆದು: ‘ಕುಡಿಯಲಿಕ್ಕೂ ಸರ್ಕ್ಯುಲರ್ ಹೊರಡಿಸಿದ ಮಹಾನುಭಾವರು.’

ಯುಗಾದಿ ಊಟದ ದಿನ ಅದೇ ಮಾತು. ಹೋಳಿಗೆ ಬಡಿಸುತ್ತಿದ್ದವರು ‘ಸರ್ಕ್ಯುಲರ್‌ನಲ್ಲಿ ಎಷ್ಟು ಹೋಳಿಗೆ ಅಂತ ಇದೆ?’ ಎಂದು ಕೇಳಿದರು. ಮಕ್ಕಳು ‘ಸರ್ಕ್ಯುಲರ್ ಅಂಕಲ್’ ಎಂದು ಕೂಗಿಕೊಂಡು ಓಡಿದವು. ನಾನೂ ನಕ್ಕೆ. ನಗುತ್ತಲೇ ಮೇಜಿನ ಕೆಳಗೆ ಎಡಗೈಯನ್ನು ಎಷ್ಟು ಗಟ್ಟಿಯಾಗಿ ಮುಷ್ಟಿ ಹಿಡಿದಿದ್ದೆನೆಂದರೆ ಉಗುರು ಅಂಗೈಗೆ ಇಳಿದಿತ್ತು. ನಿನ್ನ ಮುಖವನ್ನು ಆ ಎಲೆಗೆ ಒತ್ತಿ ಹಿಡಿಯಬೇಕೆನ್ನಿಸಿತ್ತು — ಬಿಸಿ ಸಾರಿನ ಮೇಲೆ. ಇದು ಸುಳ್ಳಲ್ಲ. ನೀನು ನನ್ನ ಪಕ್ಕದಲ್ಲಿ ಕೂತು ಕೋಸಂಬರಿ ತಿನ್ನುತ್ತಿದ್ದೆ.

ಇಷ್ಟಕ್ಕೆ ಯಾರಾದರೂ ಒಬ್ಬ ಸ್ನೇಹಿತನ ಕಣ್ಣು ತೆಗೆಯುತ್ತಾರೆಯೇ? ಇಲ್ಲ. ಇಷ್ಟೇ ಕಾರಣ ಎಂಬುದೇ ನನ್ನ ನಾಚಿಕೆ. ಏನಾದರೂ ದೊಡ್ಡದು ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಮ್ಯಾಚಿನ ಹಿಂದಿನ ಶುಕ್ರವಾರ, ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ವಿಮ್, ಆ ಐದು ಪಬ್ಬುಗಳಿಗೆಂದು ನಾನು ಬಿಡಿಸಿದ್ದ ನಕ್ಷೆ ನೋಡಿದ. ಅವನು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಮೂರನೆಯ ಪಬ್ಬಿನ ಮೇಲೆ ಪೆನ್ನಿನಿಂದ ಕುಟ್ಟಿ ಹೇಳಿದ: ‘ಇದು ಊರ ತಂಡದ ಕಟ್ಟಾ ಅಭಿಮಾನಿಗಳು ಸೇರುವ ಜಾಗ. ಭಾನುವಾರ ಬರುತ್ತಿರುವವರು ಅವರ ಹಳೆಯ ವೈರಿಗಳು. ಅವರ ಬಣ್ಣ ಕೆಂಪು, ಹಳದಿ. ಆ ಬಣ್ಣ ಮೈಮೇಲೆ ಇಲ್ಲದಿದ್ದರೆ ಸಾಕು, ಬೇರೇನೂ ತೊಂದರೆಯಿಲ್ಲ.’ ನಾನು ನನ್ನ ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿದೆ. ನಿಮಗೆ ಕಳಿಸಲಿಲ್ಲ. ‘ಇನ್ನೊಂದು ಮೇಲ್ ಬಂದರೆ ನಾನು ಬರುವುದೇ ಇಲ್ಲ’ ಎಂದು ನೀನು ಹಿಂದಿನ ದಿನವಷ್ಟೇ ಹೇಳಿದ್ದೆ. ಮೂವರಲ್ಲಿ ಯಾರ ಹತ್ತಿರವೂ ಕೆಂಪು-ಹಳದಿ ಅಂಗಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿಯವರೆಗೆ ಅದು ನಿಜವಾಗಿತ್ತು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ನೀನು ಬ್ಯಾಗಿನ ಜಿಪ್ ಎಳೆದೆ. ಬಳಗದ ರಾಜ್ಯೋತ್ಸವದಲ್ಲಿ ಅತಿಥಿಗಳಿಗೆ ಹೊದಿಸಿ ಉಳಿದಿದ್ದ ಶಲ್ಯಗಳು ನಿನ್ನ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವಲ್ಲ — ಅವುಗಳಲ್ಲಿ ಮೂರು ತಂದಿದ್ದೆ. ಹಳದಿ, ಕೆಂಪು. ನಮ್ಮ ಬಾವುಟದ ಬಣ್ಣ. ಬೋಗಿಯ ನಡುವೆ ನಮ್ಮನ್ನು ಎಬ್ಬಿಸಿ ನಿಲ್ಲಿಸಿ, ವೇದಿಕೆಯ ಮೇಲೆ ಮಾಡುವಂತೆಯೇ ಒಬ್ಬೊಬ್ಬರಿಗೂ ಹೊದಿಸಿದೆ. ಎದುರು ಸೀಟಿನ ಹೆಂಗಸು ಚಪ್ಪಾಳೆ ತಟ್ಟಿದಳು.

‘ಕನ್ನಡಿಗರ ಮೊದಲ ಕ್ರೂಖನ್‌ಟೊಖ್ಟ್ ಮಾರಾಯ. ಸನ್ಮಾನ ಇಲ್ಲದೆ ಎಂತ ಯಾತ್ರೆ?’

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ‘ಸುಧಾಕರ, ಒಂದು ವಿಷಯ ಹೇಳ್ಬೇಕು —’

‘ಇಲ್ಲ ಇಲ್ಲ! ಇವತ್ತು ಸರ್ಕ್ಯುಲರ್ ಇಲ್ಲ. ಇನ್ನೊಂದು ರೂಲ್ ಹೇಳಿದ್ರೆ ಮುಂದಿನ ಸ್ಟೇಷನ್‌ನಲ್ಲಿ ಇಳಿಸಿ ಬಿಡುವ ಇವನನ್ನು.’

‘ಬಿಡು ಗುರು, ಇವತ್ತೊಂದಿನ ಫ್ರೀಯಾಗಿರು’ ಎಂದ ಪ್ರಶಾಂತ.

ಬಾಯಿ ಮುಚ್ಚಿದೆ. ಅಷ್ಟೇ ಆಗಿದ್ದರೆ ಅದನ್ನು ಮುನಿಸು ಎನ್ನಬಹುದಿತ್ತು. ಆದರೆ ಬಾಯಿ ಮುಚ್ಚಿಕೊಂಡಾಗ ನನ್ನೊಳಗೆ ಒಂದು ಮಾತು ಸ್ಪಷ್ಟವಾಗಿ ಹುಟ್ಟಿತು, ಅದನ್ನು ಇದ್ದ ಹಾಗೆಯೇ ಬರೆಯುತ್ತೇನೆ: ‘ಬೀಳಲಿ ಇವನಿಗೆ ನಾಲ್ಕು. ನೋಡೋಣ.’ ರೈಲು ಇಳಿಯುವ ಮುಂಚೆ ಸೆಕೆ ಎಂದು ನೆಪ ಹೇಳಿ ನನ್ನ ಶಲ್ಯವನ್ನು ಮಡಿಸಿ ಬ್ಯಾಗಿನ ತಳಕ್ಕೆ ತುರುಕಿದೆ. ನೀನು ನಿನ್ನದನ್ನು ಕೊರಳಿಗೆ ಸುತ್ತಿಕೊಂಡೆ.

ಮೊದಲನೆಯ ಪಬ್ಬು ನಿನಗೆ ನೆನಪಿರಬೇಕು — ಮೇಜುಗಳ ಮೇಲೆ ಜಮಖಾನ ಹಾಸಿತ್ತು, ಮ್ಯಾಚಿಗೆ ಇನ್ನೂ ಹೊತ್ತಿತ್ತು, ಒಳಗೆ ನಾಲ್ಕು ಮುದುಕರು. ಗ್ಲಾಸು ತಂದಿಟ್ಟ ಅಜ್ಜಿ ನಿನ್ನ ಕೊರಳನ್ನು ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಡಚ್ಚಿನಲ್ಲಿ ಹೇಳಿದಳು: ನಿಮ್ಮ ಸ್ನೇಹಿತರಿಗೆ ಅದನ್ನು ತೆಗೆದಿಡಲು ಹೇಳಿ, ಇವತ್ತು ಬೇಡ. ನಿನಗೆ ಆಗ ಡಚ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

‘ಎಂತ ಹೇಳ್ತಾಳೆ ಅಜ್ಜಿ?’ ಎಂದೆ ನೀನು.

‘ಶಲ್ಯ ಚೆನ್ನಾಗಿದೆಯಂತೆ’ ಎಂದೆ ನಾನು.

ಸುಧಾಕರ, ಒದೆಗಿಂತ ಈ ಎರಡು ಶಬ್ದಗಳು ನನ್ನನ್ನು ಹೆಚ್ಚು ಸುಡುತ್ತವೆ. ಒದೆ ಒಂದು ಕ್ಷಣದ್ದು ಎಂದು ಯಾರಾದರೂ ವಾದಿಸಬಹುದು. ಇದನ್ನು ನಾನು ಕೂತು, ತಣ್ಣಗೆ, ನಗುತ್ತ ಹೇಳಿದೆ. ನೀನು ಖುಷಿಯಿಂದ ಆ ಅಜ್ಜಿಗೆ ಕೈಮುಗಿದೆ. ಅವಳು ಪಾಪ, ನಿನಗೆ ವಿಷಯ ತಿಳಿಯಿತೆಂದುಕೊಂಡು ತಲೆಯಾಡಿಸಿ ಹೋದಳು. ಪ್ರಶಾಂತ ತನ್ನ ಶಲ್ಯವನ್ನು ಅಲ್ಲೇ ಕುರ್ಚಿಯ ಮೇಲೆ ಮರೆತು ಎದ್ದ. ನಿನ್ನದೊಂದೇ ಉಳಿಯಿತು.

ಎರಡನೆಯ ಪಬ್ಬಿನಲ್ಲಿ ನೀನು ನನ್ನ ನಕ್ಷೆಯನ್ನು ಕಸಿದುಕೊಂಡು, ಮಡಿಸಿ, ದೋಣಿ ಮಾಡಿ ಪ್ರಶಾಂತನ ಬಿಯರ್ ಗ್ಲಾಸಿನಲ್ಲಿ ತೇಲಿಸಿದೆ. ಎರಡು ವಾರ ಕೂತು ಬಿಡಿಸಿದ ನಕ್ಷೆ. ಮೇಜಿನ ಮೇಲಿದ್ದ ಗ್ಲಾಸನ್ನು ಹಿಡಿದುಕೊಂಡು, ಇದನ್ನು ಇವನ ಹಣೆಗೆ ಎಲ್ಲಿ ಹೊಡೆದರೆ ಒಡೆಯುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ನೀನು ಹೇಳಿದೆ, ‘ಸರ್ಕ್ಯುಲರ್‌ನ ಮೂರನೆಯದ್ದಕ್ಕೆ ಹೋಗುವ, ಅಲ್ಲಿ ಗಲಾಟೆ ಜೋರುಂಟು, ಹಾಡು ಕೇಳ್ತಾ ಉಂಟು.’

ಹೋಗುವ ಎಂದೆ. ಮುಂದೆ ನಡೆದವನು ನಾನೇ. ಬಾಗಿಲು ತೆರೆದು ನಿನಗೆ ದಾರಿ ಬಿಟ್ಟವನೂ ನಾನೇ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ತಮ್ಮ ತಂಡದ ಮಫ್ಲರನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಅಡ್ಡ ಹಿಡಿದು ಹಾಡುತ್ತಿದ್ದರು. ನೀನು ಅದನ್ನು ನೋಡಿದೆ. ನಿನ್ನ ಮುಖ ಅರಳಿತು — ನಾನು ನೋಡುತ್ತಿದ್ದೆ. ಇವರಿಗೂ ಶಲ್ಯ, ನಮಗೂ ಶಲ್ಯ! ನೀನು ಕೊರಳಿನಿಂದ ಬಿಚ್ಚಿ, ಅವರಂತೆಯೇ ಎರಡೂ ಕೈಯಲ್ಲಿ ಅಗಲಿಸಿ, ತಲೆಯ ಮೇಲೆ ಎತ್ತಿ ಹಿಡಿದು, ಗೊತ್ತಿಲ್ಲದ ಹಾಡಿಗೆ ಗಂಟಲು ಸೇರಿಸಿದೆ. ಅವರ ಮನೆಯೊಳಗೆ ನಿಂತು ಅವರ ವೈರಿಯ ಬಾವುಟ ಎತ್ತಿದ ಹಾಗೆ. ಹತ್ತಿರದಲ್ಲಿದ್ದವರ ಹಾಡು ನಿಂತಿತು. ಆಮೇಲೆ ಅದರಾಚೆಯವರದು. ಕೊನೆಗೆ ನಿನ್ನೊಬ್ಬನದೇ ದನಿ ಉಳಿದು, ಅದೂ ನಿಂತಿತು.

ಅಯ್ಯೋ, ಆಗಲೂ ಸಮಯವಿತ್ತು. ನನಗೆ ಅವರ ಭಾಷೆ ಬರುತ್ತಿತ್ತು. ಇದು ನಮ್ಮ ರಾಜ್ಯದ ಬಾವುಟ, ಇವನಿಗೆ ಗೊತ್ತಿಲ್ಲ, ಕ್ಷಮಿಸಿ — ಇಷ್ಟು ಹೇಳಿದ್ದರೆ ಅರ್ಧ ಜನ ನಕ್ಕುಬಿಡುತ್ತಿದ್ದರು. ಒಬ್ಬಿಬ್ಬರು ನಮಗೆ ಬಿಯರನ್ನೂ ಕುಡಿಸುತ್ತಿದ್ದರೋ ಏನೋ. ನಾನು ಗೋಡೆಗೆ ಒರಗಿ ನಿಂತಿದ್ದೆ.

ಹಸಿರು ಜಾಕೆಟ್ಟಿನವನು ಮೊದಲು ನಿನ್ನ ಎದೆಗೆ ಕೈಯಿಟ್ಟು ತಳ್ಳಿದ. ಆಮೇಲೆ ನಾಲ್ಕೈದು ಜನ ಸೇರಿ ನಮ್ಮನ್ನು ಪಕ್ಕದ ಬಾಗಿಲಿನಿಂದ ಓಣಿಗೆ ಎಳೆದರು. ಮಟಮಟ ಮಧ್ಯಾಹ್ನ, ಬಿಸಿಲು, ಗೋಡೆಗೆ ಸಾಲಾಗಿ ಒರಗಿಸಿದ ಸೈಕಲ್ಲುಗಳು. ಅವನು ನಿನ್ನ ಮೂಗಿಗೆ ಗುದ್ದಿದ. ರಕ್ತ ನಿನ್ನ ತುಟಿ ದಾಟಿ ಗದ್ದಕ್ಕೆ ಇಳಿಯಿತು. ಇಬ್ಬರು ಶಲ್ಯ ಎಳೆಯುತ್ತಿದ್ದರು. ನೀನು ಬಿಡಲಿಲ್ಲ. ಮುಷ್ಟಿಗೆ ಸುತ್ತಿಕೊಂಡು, ‘ಇದು ಫುಟ್‌ಬಾಲಿನದ್ದಲ್ಲ, ನಮ್ಮದು, ನಮ್ಮ ಕನ್ನಡದ್ದು’ ಎಂದು ಇಂಗ್ಲಿಷಿನಲ್ಲಿ ಅರಚುತ್ತಿದ್ದೆ. ಯಾರೋ ಪ್ರಶಾಂತನ ಹೊಟ್ಟೆಗೆ ಮೊಣಕೈಯಿಂದ ತಿವಿದ. ಅವನು ಎರಡು ಮಡಿಕೆಯಾಗಿ, ಎದ್ದು, ಪಬ್ಬಿನವರನ್ನು ಕರೆತರಲು ಒಳಗೆ ಓಡಿದ. ಸೈಕಲ್ಲುಗಳು ಒಂದರ ಮೇಲೊಂದು ಉರುಳಿದವು.

ನಾನೂ ಜಗಳಕ್ಕೆ ನುಗ್ಗಿದೆ. ನೀನು ಅದನ್ನು ಧೈರ್ಯ ಎಂದು ಎಲ್ಲರಿಗೂ ಹೇಳುತ್ತೀಯ. ಧೈರ್ಯವಲ್ಲ, ಖುಷಿ. ಇಪ್ಪತ್ತು ವರ್ಷಗಳಿಂದ ಕಟ್ಟಿಹಾಕಿದ್ದ ಕೈ ಅದು. ಒಬ್ಬನ ಕಿವಿಗೆ ಬಾರಿಸಿದೆ, ಇನ್ನೊಬ್ಬನ ಕೂದಲು ಹಿಡಿದು ಗೋಡೆಗೆ ಉಜ್ಜಿದೆ. ನನ್ನ ಬೆರಳ ಗಿಣ್ಣು ಸುಲಿದು ಹೋಯಿತು, ನೋವು ಹಿತವಾಗಿತ್ತು. ಯಾರಿಗೆ ಹೊಡೆಯುತ್ತಿದ್ದೇನೆ ಎನ್ನುವುದು ನನಗೆ ಮುಖ್ಯವಾಗಿರಲಿಲ್ಲ.

ಅಷ್ಟರಲ್ಲಿ ನೀನು ಬಿದ್ದೆ. ಶಲ್ಯ ಹರಿಯಿತು. ಇಲ್ಲಿ ನಾನು ಬಹಳ ಜಾಗ್ರತೆಯಿಂದ ಬರೆಯಬೇಕು, ಏಕೆಂದರೆ ಇದನ್ನು ನೋಡಿದವನು ನಾನೊಬ್ಬನೇ. ಶಲ್ಯ ಕೈಗೆ ಬಂದ ಕೂಡಲೇ ಹಸಿರು ಜಾಕೆಟ್ಟಿನವನು ಅದನ್ನು ಎತ್ತಿ ಹಿಡಿದು ಬೆನ್ನು ತಿರುಗಿಸಿ ಹೊರಟುಹೋದ. ಅವನ ಹಿಂದೆ ಉಳಿದವರೂ. ಮ್ಯಾಚಿಗೆ ಹೊತ್ತಾಗಿತ್ತು, ಅವರಿಗೆ ಬೇಕಾದ್ದು ಸಿಕ್ಕಿತ್ತು. ಓಣಿಯ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವುದನ್ನು ನಾನು ಕಂಡೆ. ಜಗಳ ಮುಗಿದಿತ್ತು, ಸುಧಾಕರ. ನಿನಗೆ ಆಗಿದ್ದದ್ದು ಒಂದು ಮುರಿದ ಮೂಗು, ಅಷ್ಟೇ. ಓಣಿಯಲ್ಲಿ ನಾವಿಬ್ಬರೇ.

ನೀನು ಉರುಳಿದ ಸೈಕಲ್ಲಿನ ಪಕ್ಕ ಒಂದು ಮೊಣಕೈ ಊರಿಕೊಂಡು ಬಿದ್ದಿದ್ದೆ. ತಲೆ ಎತ್ತಿ ನನ್ನನ್ನು ನೋಡಿದೆ. ಹಲ್ಲೆಲ್ಲ ರಕ್ತ. ಆ ಸ್ಥಿತಿಯಲ್ಲೂ ನಕ್ಕೆ. ಹೆದರಿಕೆಗೆ ನಕ್ಕೆಯೋ, ನನ್ನನ್ನು ಸಮಾಧಾನ ಮಾಡಲು ನಕ್ಕೆಯೋ — ಈಗ ನನಗೆ ಎರಡನೆಯದೇ ಎನ್ನಿಸುತ್ತದೆ.

‘ಎಂತ ಪ್ಲ್ಯಾನ್ ಮಾರಾಯ ನಿಂದು, ಸರ್ಕ್ಯುಲರ್!’

ಕಾಲು ಜಾರಲಿಲ್ಲ. ಎಡವಲಿಲ್ಲ. ಗುರಿ ತಪ್ಪಲಿಲ್ಲ. ಒಂದು ಹೆಜ್ಜೆ ಹಿಂದೆ ಇಟ್ಟು, ಬಲಗಾಲು ಎತ್ತಿ, ನಗುತ್ತಿದ್ದ ಆ ಮುಖಕ್ಕೆ ಒದ್ದೆ. ಚಳಿಗಾಲಕ್ಕೆಂದು ಕೊಂಡಿದ್ದ, ದಪ್ಪ ಅಟ್ಟೆಯ, ಗಟ್ಟಿ ಮೂತಿಯ ಕಂದು ಶೂ. ತೆಂಗಿನಕಾಯಿಯನ್ನು ಕಲ್ಲಿಗೆ ಹೊಡೆದಾಗ ಅದು ಒಡೆಯದೆ ಬರುವ ಸದ್ದಿದೆಯಲ್ಲ, ಅಂಥ ಸದ್ದು. ನಿನ್ನ ತಲೆ ಹಿಂದಕ್ಕೆ ಹೋಗಿ ಸೈಕಲ್ಲಿನ ಚಕ್ರಕ್ಕೆ ತಗುಲಿತು. ನಗು ಹೋಯಿತು. ಕಣ್ಣಿದ್ದ ಜಾಗದಲ್ಲಿ ಏನೋ —

ಬರೆಯಲಾರೆ ಎಂದುಕೊಂಡೆ. ಬರೆಯಬೇಕು. ಕಣ್ಣಿದ್ದ ಜಾಗದಲ್ಲಿ ರಕ್ತ ತುಂಬಿ ಅಂಚು ಮೀರಿ ಹರಿಯಿತು. ನಾನು ಅದನ್ನು ನಿಂತು ನೋಡಿದೆ, ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಪಬ್ಬಿನ ಪಕ್ಕದ ಬಾಗಿಲು ತೆರೆಯುವ ಸದ್ದು ಕೇಳಿತು. ಆ ಸದ್ದಿಗೆ ನಾನು ನಿನ್ನ ಮೇಲೆ ಬಿದ್ದೆ. ನಿನ್ನ ತಲೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಮೈಯೊಡ್ಡಿ ಮಲಗಿದೆ. ಪ್ರಶಾಂತನೂ ಪಬ್ಬಿನವನೂ ಹೊರಗೆ ಬಂದಾಗ ಕಂಡದ್ದು ಅದು. ಸ್ನೇಹಿತನನ್ನು ತನ್ನ ಮೈಯಿಂದ ಮುಚ್ಚಿ ಕಾಪಾಡುತ್ತಿರುವ ಶ್ರೀಧರ. ಎಂಟು ವರ್ಷಗಳಿಂದ ಬಳಗದ ಎಲ್ಲ ಊಟಗಳಲ್ಲಿ ಹೇಳಲಾಗುವ ಕಥೆ.

ಅದೇ ಸಂಜೆ ಪೊಲೀಸ್ ಠಾಣೆಯಲ್ಲಿ ಒಬ್ಬ ಹೆಂಗಸು ನನ್ನ ಹೇಳಿಕೆ ಬರೆದುಕೊಂಡರು. ನಿಧಾನವಾಗಿ, ಮರ್ಯಾದೆಯಿಂದ ಕೇಳಿದರು. ನೀನು ಆಪರೇಷನ್ ಟೇಬಲ್ ಮೇಲಿದ್ದೆ; ನೆಲಕ್ಕೆ ಬಿದ್ದ ಮೇಲಿನದೇನೂ ನಿನಗೆ ನೆನಪಿಲ್ಲವೆಂದು ಆಮೇಲೆ ತಿಳಿಯಿತು. ‘ಕೆಳಗೆ ಬಿದ್ದವರಿಗೆ ಒದ್ದದ್ದು ಯಾರು, ನೋಡಿದಿರಾ?’ ಎಂದು ಕೇಳಿದರು.

‘ನೋಡಿದೆ. ಹಸಿರು ಜಾಕೆಟ್ಟಿನವನು.’

ಎರಡೇ ಮಾತು. ಅವರು ಬರೆದು, ಓದಿ ಹೇಳಿದರು. ನಾನು ಸಹಿ ಹಾಕಿದೆ. ಮೇಜಿನ ಕೆಳಗೆ ನನ್ನ ಎರಡೂ ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದೆ. ಬಲ ಶೂವಿನ ಮೂತಿಯ ಹೊಲಿಗೆಯಲ್ಲಿ ನಿನ್ನ ರಕ್ತ ಒಣಗಿ ಕಪ್ಪಾಗಿತ್ತು. ಅವರು ಕೆಳಗೆ ನೋಡಲಿಲ್ಲ. ಬಾಗಿಲವರೆಗೆ ಬಂದು ನನ್ನ ಭುಜ ಮುಟ್ಟಿ, ನಿಮ್ಮಂಥ ಸ್ನೇಹಿತ ಇರುವುದು ಅವರ ಪುಣ್ಯ ಎಂಬರ್ಥದ ಮಾತು ಹೇಳಿದರು.

ಹಸಿರು ಜಾಕೆಟ್ಟಿನವನ ಹೆಸರು ರಾಬ್. ಮನೆಗಳ ಮಾಡಿಗೆ ಹಂಚು ಹೊದಿಸುವ ಕೆಲಸದವನು. ಗುದ್ದಿದ್ದನ್ನು ಒಪ್ಪಿಕೊಂಡ, ಶಲ್ಯ ಕಿತ್ತದ್ದನ್ನು ಒಪ್ಪಿಕೊಂಡ. ಒದೆಯನ್ನು ಮಾತ್ರ ಒಪ್ಪಲಿಲ್ಲ — ಪೊಲೀಸರೆದುರು, ಕೋರ್ಟಿನಲ್ಲಿ, ಕೊನೆಯವರೆಗೂ. ‘ನಾನು ತಿರುಗಿ ಹೊರಟಿದ್ದೆ’ ಎಂದನಂತೆ. ಅವನ ಸ್ನೇಹಿತರು ಹೌದೆಂದರು, ಅವರನ್ನು ಯಾರೂ ನಂಬಲಿಲ್ಲ. ನನ್ನನ್ನು ನಂಬಿದರು. ಅವನು ಜೈಲಿಗೆ ಹೋದ. ಊರಿನ ಪೇಪರಿನಲ್ಲಿ ಬಂದ ಸಣ್ಣ ಸುದ್ದಿಯನ್ನು ಪ್ರಶಾಂತ ನನಗೆ ಕಳಿಸಿದ: ‘ಬಿದ್ದ ನೋಡು ಬಡ್ಡಿಮಗ. ನಿನ್ ಸ್ಟೇಟ್‌ಮೆಂಟೇ ಕೆಲಸ ಮಾಡಿದ್ದು ಗುರು.’ ನಾನು ಆ ಸುದ್ದಿಯನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ, ಒಂದು ಪದವೂ ತಪ್ಪಬಾರದೆಂದು. ಅವನಿಗೆ ಹೆಂಡತಿ ಮಕ್ಕಳು ಇದ್ದಾರೆಯೇ ಎಂದು ಅದರಲ್ಲಿ ಬರೆದಿರಲಿಲ್ಲ. ಇರಲಿಕ್ಕಿಲ್ಲ ಎಂದುಕೊಂಡೆ. ನನಗೆ ಹಾಗೆ ಬೇಕಾಗಿತ್ತು.

ನೀನು ಬುಧವಾರದ ಶಟಲ್ ಆಟ ಬಿಟ್ಟೆ. ಒಂದೇ ಕಣ್ಣಿಗೆ ದೂರದ ಅಳತೆ ಸಿಗುವುದಿಲ್ಲವೆಂದು, ಚಹಾ ಸುರಿಯುವಾಗ ಕಪ್ಪಿನ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತೀಯ. ಬಿಸಿ ತಗುಲಿದರೂ ತೆಗೆಯುವುದಿಲ್ಲ. ನನಗೇ ಮೊದಲ ಕಪ್ಪು ಕೊಡುತ್ತೀಯ. ಉಡುಪಿಯಿಂದ ನಿನ್ನಮ್ಮ ಪ್ರತಿ ಅಷ್ಟಮಿಗೆ ಫೋನ್ ಮಾಡಿ ನನ್ನ ಹೆಸರಿನಲ್ಲೂ ಪೂಜೆ ಮಾಡಿಸಿದೆ ಎನ್ನುತ್ತಾರೆ. ‘ನೀನು ಇದ್ದದ್ದಕ್ಕೆ ನನ್ನ ಮಗ ಉಳಿದ ಮಗಾ’ ಎನ್ನುತ್ತಾರೆ. ನಾನು ‘ಅಯ್ಯೋ, ಬಿಡಿ ಅಮ್ಮ’ ಎನ್ನುತ್ತೇನೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಇನ್ನೊಂದು. ಆ ದಿನದ ನಂತರ ನೀನು ನನ್ನನ್ನು ‘ಸರ್ಕ್ಯುಲರ್’ ಎಂದು ಎಂದೂ ಕರೆಯಲಿಲ್ಲ. ಬಳಗದಲ್ಲಿ ಯಾರೋ ಕರೆದಾಗ ಅವರನ್ನೂ ತಡೆದೆ. ‘ಅವನ ಮಾತು ಕೇಳಿದ್ರೆ ನನ್ನ ಕಣ್ಣು ಉಳೀತಿತ್ತು’ ಎಂದೆ. ರೈಲಿನಲ್ಲಿ ನಾನು ಬಾಯಿ ತೆರೆದದ್ದು ನಿನಗೆ ನೆನಪಿತ್ತು. ತಪ್ಪು ನಿನ್ನದೆಂದು ನೀನೇ ಎತ್ತಿಕೊಂಡೆ. ನಾನು ನಿನಗೆ ಅದನ್ನು ಎತ್ತಿಕೊಳ್ಳಲು ಬಿಟ್ಟೆ. ಒಮ್ಮೊಮ್ಮೆ, ನಿನಗೆ ಎಲ್ಲ ಗೊತ್ತಿದ್ದೂ ನೀನು — ಇಲ್ಲ, ಅದು ನನಗೆ ಅನುಕೂಲವಾದ ಯೋಚನೆ. ನಿನಗೆ ಗೊತ್ತಿಲ್ಲ. ಗೊತ್ತಿದ್ದರೆ ಆ ಬಿಸಿ ಕಪ್ಪನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ನೀವು ದೂರದ ಬೈಟನ್‌ವೆಲ್ಡರ್ಟ್‌ಗೆ ಮನೆ ಬದಲಿಸಿದ ಮೇಲೆ ಭೇಟಿಯೂ ಕಡಿಮೆಯಾಗಿತ್ತು. ಮೊನ್ನೆ ಭಾನುವಾರ ಚಿನ್ಮಯಿ ವಿಡಿಯೋ ಕಾಲ್ ಮಾಡಿದಳು. ಇಲ್ಲಿಯ ಶಾಲೆಗಳಲ್ಲಿ ಒಂದೊಂದು ಮಗುವೂ ತಾನೇ ವಿಷಯ ಆರಿಸಿಕೊಂಡು ಇಡೀ ಕ್ಲಾಸಿನ ಮುಂದೆ ನಿಂತು ಮಾತಾಡಬೇಕಲ್ಲ, ಸ್ಪ್ರೇಕ್‌ಬ್ಯೂರ್ಟ್ — ಅವಳ ಸರದಿ ಈ ಗುರುವಾರ.

‘ಶ್ರೀ ಮಾಮ, ನನ್ನ ಟಾಪಿಕ್ ಏನು ಗೊತ್ತಾ? ನೀನೇ! ಮೈ ಹೀರೋ ಅಂತ. ಪಪ್ಪನ್ನ ನೀನು ಸೇವ್ ಮಾಡಿದ್ದು. ನಂಗೆ ಡೀಟೇಲ್ಸ್ ಬೇಕು, ಓಕೆ?’

ಪೆನ್ಸಿಲು, ನೋಟ್‌ಬುಕ್ಕು ಹಿಡಿದು ಕೂತಿದ್ದಳು. ಒಂದು, ಎರಡು ಎಂದು ಅಂಕಿ ಹಾಕಿ ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದಳು, ಥೇಟ್ ನನ್ನ ಹಾಗೆ. ನಿನಗೆ ಭಯ ಆಗಿತ್ತಾ? ಎಷ್ಟು ಜನ ಇದ್ದರು? ಪಪ್ಪ ಅಳುತ್ತಿದ್ದರಾ? ನಾನು ಉತ್ತರ ಕೊಟ್ಟೆ. ಕೊಟ್ಟೆ, ಸುಧಾಕರ — ಎಂಟು ವರ್ಷಗಳಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಉತ್ತರಗಳನ್ನೇ. ಅವಳು ನಾಲಿಗೆ ಕಚ್ಚಿಕೊಂಡು ಬರೆದುಕೊಂಡಳು. ಕೊನೆಯ ಪ್ರಶ್ನೆಗೆ ಬಂದಳು.

‘ಆ ಬ್ಯಾಡ್ ಮ್ಯಾನ್ ಈಗ ಎಲ್ಲಿದ್ದಾನೆ ಮಾಮ?’

ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಆ ಮಗು ಗುರುವಾರ ಇಪ್ಪತ್ತೈದು ಮಕ್ಕಳ ಎದುರು ನಿಂತು, ತನ್ನ ಅಪ್ಪನ ಕಣ್ಣು ಕಳೆದವನನ್ನು ಹೊಗಳಿ, ಜೈಲಿಗೆ ಹೋದ ನಿರಪರಾಧಿಯನ್ನು ಕೆಟ್ಟವನೆಂದು ಕರೆಯುತ್ತಾಳೆ. ನನ್ನ ಸುಳ್ಳನ್ನು ಇಷ್ಟು ದಿನ ನಾನು ಹೇಳಿದೆ, ನೀನು ಹೇಳಿದೆ, ನಿನ್ನಮ್ಮ ದೇವರಿಗೂ ಹೇಳಿದರು. ಇನ್ನು ಅದು ಆ ಮಗುವಿನ ಬಾಯಿಗೆ ಹೋಗಬಾರದು. ನನಗೆ ಇದ್ದಕ್ಕಿದ್ದಂತೆ ಒಳ್ಳೆಯತನ ಬಂದಿಲ್ಲ. ಗುರುವಾರ ಹತ್ತಿರ ಬಂದಿದೆ, ಅಷ್ಟೇ.

ಇವತ್ತು ಮಂಗಳವಾರ. ನಾಳೆ ಸಂಜೆ ಐದು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ನೀನು ಹೊಡೆದರೆ ಕೈ ಅಡ್ಡ ತರುವುದಿಲ್ಲ. ವಾಣಿಯವರು ಏನೆಂದರೂ ಕೇಳಿಸಿಕೊಳ್ಳುತ್ತೇನೆ. ಅಲ್ಲಿಂದ ಮರುದಿನ ಬೆಳಿಗ್ಗೆ ಆ ಊರಿನ ಠಾಣೆಗೆ ಹೋಗುತ್ತೇನೆ. ಶೂಗಳನ್ನು ನಾನು ಎಸೆದಿಲ್ಲ. ತೊಳೆಯಲೂ ಇಲ್ಲ. ಏಕೆ ಇಟ್ಟುಕೊಂಡೆನೆಂದು ನನಗೇ ಗೊತ್ತಿರಲಿಲ್ಲ. ಮಂಚದ ಕೆಳಗೆ ಅವು ಬಂದ ಡಬ್ಬಿಯಲ್ಲೇ ಇವೆ. ಅದನ್ನೂ ತೆಗೆದುಕೊಂಡು ಹೋಗುತ್ತೇನೆ. ಆಮೇಲೆ ರಾಬ್ ಎಲ್ಲಿದ್ದಾನೆಂದು ಹುಡುಕುತ್ತೇನೆ. ನಿನ್ನ ಮಗಳ ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡಬೇಕು.

ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೇನೋ ಎಂಬ ಭಯ ನನಗೆ. ಒಂದೇ ಒಂದನ್ನು ಕೇಳುತ್ತೇನೆ. ಈಗಲೇ ಫೋನಿನಲ್ಲಿ ನಿನಗೊಂದು ಸಂದೇಶ ಕಳಿಸುತ್ತಿದ್ದೇನೆ, ಕಾರಣ ಬರೆದಿಲ್ಲ — ನಾಳೆ ಬಾಗಿಲು ನೀನೇ ತೆಗೆ ಎಂದು. ಚಿನ್ಮಯಿ ತೆಗೆದು ‘ಮಾಮ’ ಎಂದು ಕೈ ಹಿಡಿದರೆ, ಈ ಹಾಳೆಗಳನ್ನು ಜೇಬಿನಲ್ಲೇ ಇಟ್ಟುಕೊಂಡು, ಒಳಗೆ ಬಂದು, ನೀನು ಸುರಿದುಕೊಟ್ಟ ಚಹಾ ಕುಡಿದು ವಾಪಸ್ ಹೋಗಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಬಾಗಿಲು ನೀನೇ ತೆಗೆ, ಸುಧಾಕರ.